ನಿಂತಾಗ ಸರಿ, ಓಡುವಾಗ ತಕರಾರು: ನನ್ನ ಹಳೇ ಪಿಕಪ್ಪಿನ ಸ್ಟೇರಿಂಗ್ ಮತ್ತು ಥ್ರಾಟಲ್

ಏರು ರಸ್ತೆ, ಎರಡನೇ ಗೇರು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಪಿಕಪ್ ಮುಂದಕ್ಕೆ ನುಗ್ಗುತ್ತಲೇ ಇತ್ತು. ಎದೆ ಧಸಕ್ಕೆಂದಿತು. ಕ್ಲಚ್ ತುಳಿದೆ. ಇಂಜಿನ್ ಒಂದು ಕ್ಷಣ ಕಿರುಚಿತು, ಬಾನೆಟ್ಟಿನ ಕೆಳಗೆ ಧಡ್ ಅಂತ ಏನೋ ಬಿದ್ದ ಹಾಗೆ ಸದ್ದಾಯಿತು, ಆಮೇಲೆ ತಾನಾಗೇ ಐಡ್ಲಿಂಗಿಗೆ ಇಳಿಯಿತು. ಆ ಸದ್ದಿಗೆ ಅವತ್ತೇ ಕಿವಿ ಕೊಟ್ಟಿದ್ದರೆ ನನ್ನ ಎರಡು ವಾರ ಉಳಿಯುತ್ತಿತ್ತು.

ಈ ಗಾಡಿಯ ಸ್ಟೇರಿಂಗ್ ಮೊದಲೇ ಸಡಿಲ. ನೇರ ರಸ್ತೆಯಲ್ಲೂ ಎಡಕ್ಕೆ, ಬಲಕ್ಕೆ ತಿದ್ದುತ್ತಲೇ ಇರಬೇಕು. ನಾಲ್ಕು ಬೆರಳಿನಷ್ಟು ತಿರುಗಿಸಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಪವರ್ ಸ್ಟೇರಿಂಗ್ ಇಲ್ಲ. ಪೆಟ್ರೋಲ್ ಇಂಜಿನ್, ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರ್. ಪೆಡಲಿನಿಂದ ಕಾರ್ಬ್ಯುರೇಟರ್‌ವರೆಗೆ ಕೇಬಲ್ ಇಲ್ಲ, ಕಬ್ಬಿಣದ ರಾಡು. ಈ ರಾಡಿನ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಮೊದಲು ಥ್ರಾಟಲ್ (ಪೆಡಲ್ ತುಳಿದಷ್ಟೂ ತೆರೆದುಕೊಳ್ಳುವ ಕಾರ್ಬ್ಯುರೇಟರ್ ಬಾಗಿಲು) ಹಿಡಿದೆ, ಹೆದರಿಸಿದ್ದು ಅದೇ ಅಲ್ವಾ? ಕಾಲಡಿಯ ಮ್ಯಾಟ್ ಪೆಡಲಿಗೆ ಸಿಕ್ಕಿಕೊಳ್ಳುತ್ತಿದೆಯಾ ಅಂತ ನೋಡಿದೆ. ಇಲ್ಲ. ಏರ್ ಫಿಲ್ಟರ್ ತೆಗೆದು ಥ್ರಾಟಲ್ ತಟ್ಟೆಯ ಸುತ್ತ ಕಟ್ಟಿದ್ದ ಕರಿ ತೊಳೆದೆ. ರಿಟರ್ನ್ ಸ್ಪ್ರಿಂಗ್ ಹೊಸದು ಹಾಕಿದೆ. ರಾಡಿನ ಕೀಲುಗಳಿಗೆ ಎಣ್ಣೆ ಬಿಟ್ಟೆ. ನ್ಯೂಟ್ರಲ್‌ನಲ್ಲಿಟ್ಟು ರೇಸ್ ಕೊಟ್ಟೆ, ಬಿಟ್ಟೆ. ಪ್ರತಿ ಸಲವೂ ಟಕ್ ಅಂತ ವಾಪಸ್. ಗೆದ್ದೆ ಅಂದುಕೊಂಡೆ. ಮರುದಿನ ಅದೇ ಏರಿನಲ್ಲಿ ಅದೇ ಕಥೆ.

ನ್ಯೂಟ್ರಲ್‌ನಲ್ಲಿ ಯಾವಾಗಲೂ ಸರಿ, ಭಾರ ಬಿದ್ದಾಗ ಮಾತ್ರ ತಕರಾರು. ಹಾಗಿದ್ದರೆ ಭಾರ ಬಿದ್ದಾಗಲೇ ನೋಡಬೇಕು ಅಂತ ಕೊನೆಗೆ ತಲೆಗೆ ಹೊಳೆಯಿತು. ತಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬಾನೆಟ್ ತೆಗೆದು ನಾನು ಪಕ್ಕದಲ್ಲಿ ನಿಂತೆ. ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ಬ್ರೇಕ್ ಗಟ್ಟಿಯಾಗಿ ತುಳಿದುಕೊಂಡು, ಮೊದಲ ಗೇರಿಗೆ ಹಾಕಿ, ಕ್ಲಚ್ ನಿಧಾನಕ್ಕೆ ಬಿಡು, ಇಂಜಿನ್ ಒದ್ದಾಡಿದ ತಕ್ಷಣ ಮತ್ತೆ ತುಳಿ ಅಂದೆ. "ಅಣ್ಣಾ, ಗಾಡಿ ಎಗರಿದ್ರೆ?" ಅಂದ. ಹೆದರಿಕೆ ಸರಿಯಾದದ್ದೇ. ಬ್ರೇಕ್ ಮೇಲೆ ಭರವಸೆ ಇಲ್ಲದ ಗಾಡಿಯಲ್ಲಿ ಈ ಪರೀಕ್ಷೆ ಮಾಡಲೇಬೇಡಿ.

ಅವನು ಕ್ಲಚ್ ಬಿಟ್ಟ. ಇಡೀ ಇಂಜಿನ್ನಿನ ಎಡಮಗ್ಗುಲು ನನ್ನ ಕಣ್ಣೆದುರೇ ಮೇಲೆದ್ದಿತು. ಕ್ಲಚ್ ತುಳಿದ, ಧಡ್ ಅಂತ ಕೂತಿತು. ಅದೇ ಸದ್ದು. ಟಾರ್ಚ್ ಹಾಕಿ ನೋಡಿದರೆ ಇಂಜಿನ್ನನ್ನು ಚಾಸಿಗೆ ಕೂರಿಸುವ ಮೌಂಟಿಂಗಿನ ರಬ್ಬರ್ ಅಡ್ಡಕ್ಕೆ ಪೂರ್ತಿ ಸೀಳಿತ್ತು. ಕೆಳಗಿನ ಅರ್ಧ ಚಾಸಿಯಲ್ಲಿ, ಮೇಲಿನ ಅರ್ಧ ಇಂಜಿನ್ನಿನಲ್ಲಿ. ನಿಂತಿರುವಾಗ ಇಂಜಿನ್ನಿನ ಭಾರಕ್ಕೆ ಎರಡೂ ಒತ್ತಿಕೊಂಡು ಕೂತಿರುವುದರಿಂದ ಗೊತ್ತೇ ಆಗುವುದಿಲ್ಲ.

ಈಗ ರಾಡಿನ ವಿಷಯ. ಪೆಡಲ್ ಇರುವುದು ಬಾಡಿಯಲ್ಲಿ, ಕಾರ್ಬ್ಯುರೇಟರ್ ಇರುವುದು ಇಂಜಿನ್ ಮೇಲೆ. ನಡುವೆ ಬಾಗದ ಕಬ್ಬಿಣ. ಇಂಜಿನ್ ಮೇಲೆದ್ದರೆ ರಾಡು ಥ್ರಾಟಲನ್ನು ತಾನೇ ಎಳೆಯುತ್ತದೆ. ಥ್ರಾಟಲ್ ತೆರೆದರೆ ಇಂಜಿನ್ ಇನ್ನೂ ಏಳುತ್ತದೆ, ಎದ್ದಷ್ಟೂ ಇನ್ನೂ ಎಳೆಯುತ್ತದೆ. ಪೆಡಲ್ ಮೇಲೆ ಕಾಲೇ ಬೇಕಿಲ್ಲ. ಸುಮ್ನೆ ಹೆದರಿಸುತ್ತಿಲ್ಲ: ಮುರಿದ ಇಂಜಿನ್ ಮೌಂಟಿಂಗ್ ಕಾರಣಕ್ಕೇ ಜನರಲ್ ಮೋಟರ್ಸ್ 1971ರಲ್ಲಿ ಸುಮಾರು 67 ಲಕ್ಷ ಗಾಡಿಗಳನ್ನು ರಿಪೇರಿಗೆ ವಾಪಸ್ ಕರೆದಿತ್ತು. ಇಂಜಿನ್ ಮೇಲೇಳದ ಹಾಗೆ ಒಂದು ತಂತಿ ಹಗ್ಗ ಬಿಗಿದು ಕೊಟ್ಟರು.

ನಾನು ಎರಡೂ ಕಡೆಯ ಮೌಂಟಿಂಗ್ ಬದಲಿಸಿದೆ. ಮುಂದಿನ ಗೇರಿನಲ್ಲಿ ಎದ್ದದ್ದು ಎಡಗಡೆ ಮಾತ್ರ. ರಿವರ್ಸ್ ಗೇರಿನಲ್ಲಿ ಅದೇ ಪರೀಕ್ಷೆ ಮಾಡಿದರೆ ಭಾರ ಉಲ್ಟಾ ಬಿದ್ದು ಬಲಗಡೆಯದರ ಬಣ್ಣ ಬಯಲಾಗುತ್ತದೆ. ಅದೂ ಅರ್ಧ ಸೀಳಿತ್ತು. ಇಂಜಿನ್ ಎತ್ತುವಾಗ ಜಾಕನ್ನು ನೇರ ಇಂಜಿನ್ ತಳದ ಆಯಿಲ್ ಸಂಪಿಗೆ ಕೊಡಬೇಡಿ, ತಗಡು ಒಳಕ್ಕೆ ಹೋಗುತ್ತದೆ. ನಡುವೆ ದಪ್ಪ ಹಲಗೆ ಇಡಿ. ಜಾಸ್ತಿ ಎತ್ತಿದರೆ ಫ್ಯಾನ್ ಹೋಗಿ ರೇಡಿಯೇಟರ್‌ಗೆ ಬಡಿಯುತ್ತದೆ, ಅದರ ಮೇಲೂ ಒಂದು ಕಣ್ಣಿರಲಿ.

ಸ್ಟೇರಿಂಗ್‌ನಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಟೈರ್ ಗಾಳಿ ನೋಡಿದೆ. ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಬೇರಿಂಗ್, ಬಾಲ್ ಜಾಯಿಂಟ್ ಗಟ್ಟಿ. ಎಡ ಬಲಕ್ಕೆ ಹಿಡಿದು ಅಲ್ಲಾಡಿಸಿದೆ. ಚಕ್ರ ತಿರುಗಿಸುವ ರಾಡುಗಳ ತುದಿ ಕೀಲುಗಳು, ಅಂದರೆ ಟೈ ರಾಡ್ ಎಂಡ್‌ಗಳೂ ಗಟ್ಟಿ. ಹಾಗಾದರೆ ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ದಾಟಿಸುವ ಹಲ್ಲಿನ ಪೆಟ್ಟಿಗೆ, ಸ್ಟೇರಿಂಗ್ ಬಾಕ್ಸೇ ಸವೆದಿದೆ ಅಂತ ತೀರ್ಮಾನಿಸಿ, ಮೇಲಿನ ಲಾಕ್ ನಟ್ ಸಡಿಲಿಸಿ, ಅಡ್ಜಸ್ಟ್ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದೆ. ಪ್ಲೇ, ಅಂದರೆ ಸಡಿಲ, ಕಮ್ಮಿಯಾಯಿತು. ಆದರೆ ತಿರುವಿನಿಂದ ಹೊರಬಂದಾಗ ಸ್ಟೇರಿಂಗ್ ತಾನಾಗೇ ನೇರಕ್ಕೆ ಬರಲಿಲ್ಲ, ಕೈಯಿಂದ ಎಳೆದು ತರಬೇಕಾಯಿತು. ಇಂಥ ಬಾಕ್ಸುಗಳನ್ನು ನಡುವಿನಲ್ಲಿ ಬಿಗಿ, ಎರಡೂ ತುದಿಗೆ ಸಡಿಲ ಇರುವ ಹಾಗೇ ಮಾಡಿರುತ್ತಾರೆ. ಸ್ಕ್ರೂ ಹೆಚ್ಚು ಬಿಗಿಯಾದರೆ ಚಕ್ರ ನೇರ ಇರುವ ಜಾಗದಲ್ಲೇ ಹಲ್ಲು ಕಚ್ಚಿ ಹಿಡಿಯುತ್ತದೆ. ಸಡಿಲ ಸ್ಟೇರಿಂಗಿಗಿಂತ ಇದು ಅಪಾಯ. ಸ್ಕ್ರೂ ಹಳೇ ಜಾಗಕ್ಕೆ ತಿರುಗಿಸಿ, ಪೇಂಟಿನಲ್ಲಿ ಗುರುತು ಹಾಕಿದೆ. ಬಿಚ್ಚುವ ಮೊದಲೇ ಗುರುತು ಹಾಕಿದ್ದರೆ ಅಂದಾಜಿನ ಮೇಲೆ ತಿರುಗಿಸುವುದು ತಪ್ಪುತ್ತಿತ್ತು.

ಮೌಂಟಿಂಗ್ ಪಾಠ ಇಲ್ಲಿಗೂ ಬಂತು. ಚಕ್ರ ಗಾಳಿಯಲ್ಲಿದ್ದರೆ ಸ್ಟೇರಿಂಗಿಗೆ ಎದುರು ಭಾರವೇ ಇಲ್ಲ, ಸಡಿಲ ಹೇಗೆ ಕಾಣಬೇಕು? ಗಾಡಿ ನೆಲಕ್ಕಿಳಿಸಿದೆ. ಇಂಜಿನ್ ಆಫ್. ತಮ್ಮ ಸ್ಟೇರಿಂಗನ್ನು ಎಡಕ್ಕೊಂದು ಗೇಣು, ಬಲಕ್ಕೊಂದು ಗೇಣು ಆಡಿಸುತ್ತಾ ಇರಲಿ, ನಾನು ಕೆಳಗೆ ಮಲಗಿ ಒಂದೊಂದೇ ಕೀಲನ್ನು ಕೈಯಲ್ಲಿ ಹಿಡಿದು ನೋಡುವುದು. ಹಳೇ ಕೀಲಿನ ಗ್ರೀಸು, ಮಣ್ಣಿನ ನಡುವೆ ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

ಬಾಕ್ಸ್ ಮೇಲೆ ಕೈ ಇಟ್ಟೆ. ಬಾಕ್ಸೇ ಅಲುಗುತ್ತಿತ್ತು! ಒಳಗೆ ಸವೆತ ಹುಡುಕಿದವನಿಗೆ ಚಾಸಿಗೆ ಕೂರಿಸಿದ ಎರಡು ಬೋಲ್ಟು ಸಡಿಲವಾದದ್ದು ಕಂಡಿರಲಿಲ್ಲ. ಅಲ್ಲಿ ಚಾಸಿ ಸೀಳು ಬಿಟ್ಟಿದೆಯಾ ಅಂತ ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿದೆ, ಪುಣ್ಯಕ್ಕೆ ಇರಲಿಲ್ಲ. ಆಚೆ ಬದಿಯ ಐಡ್ಲರ್ ಆರ್ಮ್ (ಸ್ಟೇರಿಂಗ್ ರಾಡಿನ ಆ ತುದಿಯನ್ನು ಹೊತ್ತಿರುವ ತೋಳು) ಹಿಡಿದರೆ ಅದು ಮೇಲೆ ಕೆಳಗೆ ಕುಣಿಯುತ್ತಿತ್ತು. ಅದು ಕುಣಿದಷ್ಟು ಸಲ ಚಕ್ರದ ಮುಖ ಒಳಗೆ ಹೊರಗೆ ಆಗುತ್ತದೆ. ಗಾಡಿ ರಸ್ತೆ ತುಂಬಾ ಅಲೆಯುತ್ತಿದ್ದದ್ದು ಅದಕ್ಕೇ.

ಬೋಲ್ಟು ಬಿಗಿದು, ಐಡ್ಲರ್ ಆರ್ಮ್ ಹೊಸದು ಹಾಕಿದೆ. ನಟ್ಟಿನ ಕಚ್ಚು, ಅದು ತಿರುಗದ ಹಾಗೆ ಹಾಕುವ ಸ್ಪ್ಲಿಟ್ ಪಿನ್ನಿನ ತೂತಿಗೆ ಸರಿಯಾಗಿ ಕೂರದಿದ್ದರೆ ಹಿಂದಕ್ಕೆ ಸಡಿಲಿಸಬಾರದು, ಮುಂದಿನ ಕಚ್ಚಿನವರೆಗೆ ಬಿಗಿಯಬೇಕು. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ.

ಈಗಲೂ ಒಂದು ಬೆರಳಿನಷ್ಟು ಪ್ಲೇ ಇದೆ. ಅದು ನಿಜಕ್ಕೂ ಬಾಕ್ಸಿನ ಒಳಗಿನ ಸವೆತ. ಸ್ಕ್ರೂ ಮುಟ್ಟಿಲ್ಲ, ಪೇಂಟಿನ ಗುರುತು ಇದ್ದಲ್ಲೇ ಇದೆ. ಆ ಏರಿನಲ್ಲಿ ಮಾತ್ರ ಎಡಗಾಲು ಇನ್ನೂ ತಾನಾಗೇ ಕ್ಲಚ್ ಹುಡುಕುತ್ತದೆ.