ಚಮಕಾ ಇದ್ದರೆ ಚಮಕಾ ಅಂತಲೇ ಬರೆದೆ

ಇಳಕಲ್ ಸೀರೆಯನ್ನು ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಮಾರಲು ಶುರು ಮಾಡಿ ನನಗೆ ಇದು ಐದನೇ ವರ್ಷ. ಪವರ್‌ಲೂಮ್ ಸೀರೆಗೆ ಪವರ್‌ಲೂಮ್ ಅಂತಲೇ, ಚಮಕಾಗೆ (ಕೃತಕ ರೇಷ್ಮೆಗೆ) ಚಮಕಾ ಅಂತಲೇ ಬರೆಯುತ್ತೇನೆ ಅಂದಾಗ ನಮ್ಮ ಕಾಕಾ ಗದ್ದಿಗೆ ಮೇಲಿಂದಲೇ ಕೇಳಿದರು: "ಹಿಂಗ ಖರೇ ಬರಕೋಂತ ಕುಂತ್ರ ಸೀರಿ ಯಾರ್ ತಗೋತಾರೋ ತಮ್ಮಾ?" ಕಳೆದ ದೀಪಾವಳಿ ತಿಂಗಳಲ್ಲಿ ಸುಮಾರು 210 ಸೀರೆ ಕಳಿಸಿದೆ. ವಾಪಸ್ ಬಂದದ್ದು 8 ಅಥವಾ 9. ನಮ್ಮ ಓಣಿಯಲ್ಲಿ ಇಷ್ಟು ಕಡಿಮೆ ರಿಟರ್ನ್ ಇನ್ಯಾರಿಗೂ ಇಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ಹೋಲ್‌ಸೇಲ್‌ನವರು ಕೊಟ್ಟ ಫೋಟೊ, ಮೇಲೆ ಫಿಲ್ಟರ್. ಮೈಸೂರಿನ ಒಬ್ಬರು ತಮ್ಮ ತಾಯಿಗೆ ದಾಳಿಂಬೆ ಕೆಂಪು ಸೀರೆ ತರಿಸಿದರು. ಹೋದದ್ದು ಇಟ್ಟಿಗೆ ಬಣ್ಣ. ಅವರು ಬೈಯಲಿಲ್ಲ. "ನೀವು ಮೋಸ ಮಾಡಿದ್ರಿ ಅಂತ ಹೇಳಲ್ಲ, ಆದ್ರೆ ಇನ್ನೊಂದ್ಸಲ ನಿಮ್ಮ ಹತ್ರ ತಗೊಳಲ್ಲ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಆಗ ಕ್ಯಾಶ್ ಆನ್ ಡೆಲಿವರಿಯಲ್ಲಿ ಹತ್ತಕ್ಕೆ ಮೂರ್ನಾಲ್ಕು ಸೀರೆ ತಿರುಗಿ ಬರುತ್ತಿದ್ದವು. ಹೋಗಿ ಬರುವ ಕೊರಿಯರ್ ಖರ್ಚೇ ಸೀರೆಗೆ 140 ರೂಪಾಯಿ. ಮಡಿಕೆ ಕೆಟ್ಟ ಸೀರೆಗೆ ಮತ್ತೆ ಇಸ್ತ್ರಿ. ಬೂಸ್ಟ್‌ಗೆ ಅಂತ, ಅಂದರೆ ದುಡ್ಡು ಕೊಟ್ಟು ಪೋಸ್ಟ್ ಹೆಚ್ಚು ಜನಕ್ಕೆ ತೋರಿಸಲು, ವರ್ಷಕ್ಕೆ 40 ಸಾವಿರ ಸುರಿದೆ.

ರಿವ್ಯೂ ಕೊಂಡದ್ದನ್ನೂ ಹೇಳಿಬಿಡುತ್ತೇನೆ. 4 ಸಾವಿರಕ್ಕೆ 50 ಐದು ಸ್ಟಾರ್. ಅದರಲ್ಲೊಬ್ಬರು "ಕಾಂಜೀವರಂ ಸೂಪರ್" ಅಂತ ಬರೆದಿದ್ದರು. ನಿಜವಾದ ಗಿರಾಕಿಯೊಬ್ಬರು ಅದನ್ನೇ ಹಿಡಿದು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಎಲ್ಲ ತೆಗೆಸಿದೆ. ಮಾರುವವನೇ ಗಿರಾಕಿ ವೇಷದಲ್ಲಿ ರಿವ್ಯೂ ಬರೆಯಬಾರದು ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. "ಕೊನೆಯ 2 ಪೀಸ್ ಮಾತ್ರ" ಅಂತ ಒಂದೇ ಸೀರೆಗೆ ಮೂರು ವಾರ ಹಾಕಿದ್ದೂ ಉಂಟು. ಇಂಥ ಸುಳ್ಳು ಅವಸರವನ್ನು ಕೇಂದ್ರ ಸರಕಾರ 2023ರಲ್ಲಿ ಡಾರ್ಕ್ ಪ್ಯಾಟರ್ನ್ (ಗಿರಾಕಿಯ ದಾರಿ ತಪ್ಪಿಸುವ ತಂತ್ರ) ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ನಾನು ಬಿಟ್ಟಾಗಿತ್ತು.

ಈಗ ಫೋಟೊ ಮುಂಜಾನೆ ಅಂಗಳದಲ್ಲಿ, ಫಿಲ್ಟರ್ ಇಲ್ಲದೆ. ಸೀರೆ ಪಕ್ಕ ನಂದಿನಿ ಹಾಲಿನ ನೀಲಿ ಪಾಕೀಟು ಇಡುತ್ತೇನೆ. ಅದು ನಮ್ಮ ರಾಜ್ಯದಲ್ಲಿ ಎಲ್ಲರ ಮನೆಯಲ್ಲೂ ಸಿಗುತ್ತದೆ. ತಮ್ಮ ಮನೆಯ ಪಾಕೀಟನ್ನು ಸ್ಕ್ರೀನ್ ಪಕ್ಕ ಹಿಡಿದು ನೋಡಿದರೆ ಅವರ ಮೊಬೈಲ್ ಬಣ್ಣ ಎಷ್ಟು ಏರಿಸುತ್ತದೆ ಅನ್ನೋದು ಅವರಿಗೇ ಗೊತ್ತಾಗುತ್ತದೆ. ಪುಣೆ ಕಡೆಯವರಿಗೆ ಬೇರೆ ಒಂದು ವಸ್ತು ಇಡುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎರಡನೇ ಫೋಟೊ ಸೀರೆ ಹಿಂಬದಿಯದ್ದು. ಒಡಲೂ ಸೆರಗೂ ಸೇರುವ ಜಾಗದಲ್ಲಿ ಎರಡರ ಎಳೆಗಳನ್ನು ಹೆಣೆದ ಕೊಂಡಿಗಳ ಸಾಲು ಕಾಣುವಷ್ಟು ಹತ್ತಿರ ಹಿಡಿಯುತ್ತೇನೆ. ಕೊಂಡಿ ಇಲ್ಲದಿದ್ದರೆ ಇಲ್ಲ ಅಂತ ಬರೆಯುತ್ತೇನೆ. ಕೆಳಗೆ ಮೂರು ಸಾಲು: ಕೈಮಗ್ಗವೋ ಪವರ್‌ಲೂಮೋ, ಒಡಲು ಯಾವ ನೂಲು, ದಡಿ (ಅಂಚು) ರೇಷ್ಮೆಯೋ ಚಮಕಾವೋ. ಅಷ್ಟೇ. ಪವರ್‌ಲೂಮ್ 800, ಚಮಕಾ ದಡಿಯ ಕೈಮಗ್ಗ 2,200, ರೇಷ್ಮೆ ದಡಿ 4 ಸಾವಿರದ ಮೇಲೆ. ಮೂರನ್ನೂ ಪಕ್ಕಪಕ್ಕ ಇಟ್ಟಾಗ ಬೆಲೆಯ ವ್ಯತ್ಯಾಸ ಯಾಕೆ ಅಂತ ಕೇಳುವವರೇ ಕಡಿಮೆಯಾದರು. 800ರದ್ದಕ್ಕೆ ಅಂತ ಬಂದವರು 2,200ರದ್ದು ತಗೊಂಡದ್ದು ಎಷ್ಟೋ ಸಲ.

ಆದರೆ ಹೀಗೆ ಬದಲಾಯಿಸಿದ ಮೊದಲ ಎರಡು ತಿಂಗಳು ವ್ಯಾಪಾರ ಅರ್ಧಕ್ಕೆ ಇಳಿಯಿತು. ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿ ವಿಡಿಯೊ ಕಾಲ್ ಶುರು ಮಾಡಿದ್ದೆ. ನೂಲಿನ ಬಾಕಿ ತೀರಿಸಲು ಹೆಂಡತಿ ಬಳೆ ಅಡವಿಟ್ಟಳು. ಮೂರನೇ ತಿಂಗಳು ಹಳೇ ಗಿರಾಕಿಗಳು ಅಕ್ಕ ತಂಗಿಯರ ನಂಬರ್ ಕಳಿಸಲು ಶುರು ಮಾಡಿದ ಮೇಲೆ ಬೂಸ್ಟ್ ಬಿಟ್ಟೆ.

ನಡುವೆ ಏನೇನೋ ಮಾಡಿ ನೋಡಿದೆ. ದಡಿಯ ಎಳೆ ಸುಟ್ಟು ತೋರಿಸುವ ರೀಲ್ ಮಾಡಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಚಮಕಾ ಆದರೆ ಕಾಗದದ ಹಾಗೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಮಣಿಯಾಗುತ್ತದೆ. ನೋಡಿದವರು 40 ಸಾವಿರ, ಸೀರೆ ತಗೊಂಡವರು ಮೂವರು. ಮರಾಠಿಯವರು ನಮ್ಮ ಸೀರೆಯನ್ನು ಇರಕಲ್ ಅಂತಾರೆ. ಆ ಹೆಸರು ಸೇರಿಸಿದ್ದಕ್ಕೆ ಕೊಲ್ಹಾಪುರ, ಸೊಲ್ಲಾಪುರದ ಆರ್ಡರ್ ಚೆನ್ನಾಗಿ ಬಂತು. ನೇಕಾರರ ಕೂಲಿ, ನೂಲು, ನನ್ನ ಲಾಭ ಎಲ್ಲ ಬಿಡಿಸಿ ಬರೆದದ್ದು ಮಾತ್ರ ಕೈಕೊಟ್ಟಿತು. ಜನ ಲಾಭದ ಸಾಲು ಹಿಡಿದೇ ಚೌಕಾಶಿಗೆ ಕೂತರು. ಹದಿನೈದು ದಿನದಲ್ಲಿ ಅಳಿಸಿದೆ. ಕೇಳಿದವರಿಗೆ ಸುಳ್ಳು ಹೇಳಲ್ಲ, ಆದರೆ ನನ್ನ ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ ಇಡಬೇಕಾಗಿಲ್ಲ, ಅಲ್ವಾ?

ಈಗ ನೇಯ್ಗೆ ದೋಷದ ಸೀರೆಗಳನ್ನೂ ಬೇರೆ ಹಾಕುತ್ತಿದ್ದೇನೆ. "ಸೆರಗಿನಿಂದ ಮೂರು ಗೇಣು ಒಳಗೆ ಒಂದು ಎಳೆ ತಪ್ಪಿದೆ, 200 ಕಡಿಮೆ" ಅಂತ ಬರೆದು, ಬೆರಳಿಟ್ಟು ಫೋಟೊ. ಮೊದಲ ಸೀರೆ ಅರ್ಧ ಗಂಟೆಯಲ್ಲಿ ಧಾರವಾಡದ ಟೀಚರ್ ಒಬ್ಬರಿಗೆ ಹೋಯಿತು. ಹೋದ ವಾರ ಕಾಕಾ ತಮ್ಮ ಕಪಾಟಿನಲ್ಲಿ ಉಳಿದಿದ್ದ ಆರು ಪೀಸ್ ತಂದು ಎದುರಿಗಿಟ್ಟು, "ಎಲ್ಲೆಲ್ಲಿ ಎಳಿ ತಪ್ಪೇತಿ ನಾ ತೋರಸ್ತೇನಿ, ನೀ ಬರಿ" ಅಂದರು. ನಾಲ್ಕು ಹೋಗಿವೆ, ಎರಡು ಉಳಿದಿವೆ.