ಇ.ಸಿ.ಗೂ ಮೊದಲು ಮಂಜೂರಾತಿ ಕಡತ: ಯೋಜನಾ ಸಾಲಗಳ ಟೈಟಲ್ ಪರಿಶೀಲನೆಯಲ್ಲಿ ನನ್ನ ಅನುಭವ

ಯೋಜನಾ ಸಾಲದ ಟೈಟಲ್ ಪರಿಶೀಲನೆಯನ್ನು, ಅಂದರೆ ಯೋಜನೆಯ ಜಮೀನಿನ ಒಡೆತನದ ತಪಾಸಣೆಯನ್ನು, ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಇ.ಸಿ.ಯಿಂದಲ್ಲ (ಋಣಭಾರ ಪತ್ರ), ಸರ್ಕಾರ ಜಮೀನು ಕೊಟ್ಟ ದಾಖಲೆಯಾದ ತಾಲ್ಲೂಕು ಕಚೇರಿಯ ಮಂಜೂರಾತಿ ಕಡತದಿಂದ ಆರಂಭಿಸಬೇಕೆಂದು ನಾನು ಹಟ ಹಿಡಿದಾಗ, ಬ್ಯಾಂಕಿನ ಪ್ಯಾನೆಲ್ ವಕೀಲರು ಮಾತ್ರವಲ್ಲ, ನನ್ನ ಹಿರಿಯ ವಕೀಲರೂ ಅದನ್ನು ಕಾಲಹರಣವೆಂದರು.

ಆ ಹಟ ಹುಟ್ಟಿದ್ದು ಒಂದು ಸೋಲಿನಿಂದ. ಸುಮಾರು ಹತ್ತು ವರ್ಷಗಳ ಹಿಂದೆ ಚಿತ್ರದುರ್ಗ ಜಿಲ್ಲೆಯ ಸೌರ ಯೋಜನೆಯೊಂದರಲ್ಲಿ ಇ.ಸಿ., ಪಹಣಿ, ಮ್ಯುಟೇಷನ್ ಎಲ್ಲವೂ ಸರಿಯಿದ್ದುದರಿಂದ ವರದಿಗೆ ಸಹಿ ಮಾಡಿದೆ. ಸಾಲದ ಎರಡನೆಯ ಕಂತಿನ ವೇಳೆಗೆ, ವಿದ್ಯುತ್ತನ್ನು ಗ್ರಿಡ್ಡಿಗೆ ಸೇರಿಸುವ ಸ್ವಿಚ್‌ಯಾರ್ಡ್‌ಗೆಂದು ಕೊಂಡಿದ್ದ ನಾಲ್ಕು ಎಕರೆಯ ಮೂಲ ಮಂಜೂರುದಾರರ ಮೊಮ್ಮಗ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ (ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ವರ್ಗಾವಣೆಯನ್ನು ನಿರ್ಬಂಧಿಸುವ ಕಾಯ್ದೆ) ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಸಲ್ಲಿಸಿದರು. ಸರ್ಕಾರದ ಪೂರ್ವಾನುಮತಿಯಿಲ್ಲದೆ ಆ ಜಮೀನು ಕೈಬದಲಾಗಿದ್ದರಿಂದ ಅವರ ವಾದ ನ್ಯಾಯವಾಗಿಯೇ ಇತ್ತು. ಮಂಜೂರಾತಿಯು ನೋಂದಣಿಯಾಗುವ ದಸ್ತಾವೇಜಲ್ಲವಾದ್ದರಿಂದ ಇ.ಸಿ.ಯಲ್ಲಿ ಅದರ ಸುಳಿವೇ ಇರಲಿಲ್ಲ. ಬ್ಯಾಂಕು ಕಂತು ತಡೆಯಿತು, ಐದು ತಿಂಗಳು ಕೆಲಸ ನಿಂತಿತು, ನನ್ನ ಮೂರೂವರೆ ಲಕ್ಷದಷ್ಟು ಶುಲ್ಕ ಬರಲೇ ಇಲ್ಲ.

ಅಂದಿನಿಂದ ಪ್ರತಿ ಸರ್ವೆ ನಂಬರಿಗೂ ಮೊದಲು ಕೈಬರಹದ ಪಹಣಿ ತೆಗೆಸಿ, ದರಖಾಸ್ತಿನ (ಸರ್ಕಾರಿ ಜಮೀನಿನ ಮಂಜೂರಾತಿಯ) ಉಲ್ಲೇಖ ಕಂಡಲ್ಲೆಲ್ಲ ಮಂಜೂರಾತಿ ಪತ್ರವಾದ ಸಾಗುವಳಿ ಚೀಟಿಯ ನಕಲು ಕೈಸೇರುವವರೆಗೆ ಕ್ರಯಪತ್ರವನ್ನು ಮುಟ್ಟುವುದಿಲ್ಲ. ಹದಿನೈದು ವರ್ಷ ಪರಭಾರೆ (ಬೇರೆಯವರಿಗೆ ವರ್ಗಾವಣೆ) ಮಾಡಕೂಡದೆಂಬ ಷರತ್ತು ಎಷ್ಟೋ ಚೀಟಿಗಳ ಹಿಂಬದಿಯಲ್ಲಿ, ಬೆಳಕಿಗೆ ಹಿಡಿದರಷ್ಟೇ ಓದಲಾಗುವ ಮಾಸಿದ ನೇರಳೆ ಮೊಹರಿನಲ್ಲಿರುತ್ತದೆ. ಕಡತವೇ ಕಾಣೆಯಾದಾಗ ಯಾವ ರಿಜಿಸ್ಟರ್ ಹಿಡಿದು ಹೊರಡುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಪಾವಗಡದ ಸೋಲಾರ್ ಪಾರ್ಕಿಗೆ ರೈತರು ಎಕರೆಗೆ ವಾರ್ಷಿಕ 21,000 ರೂಪಾಯಿಯಂತೆ ಜಮೀನು ಗುತ್ತಿಗೆ ಕೊಟ್ಟದ್ದನ್ನು ನೋಡಿ, ಅನುಮಾನದ ನಂಬರುಗಳನ್ನು ಕೊಳ್ಳುವ ಬದಲು ಗುತ್ತಿಗೆಗೆ ಪಡೆಯಲು ಕರಡು ಸಿದ್ಧಪಡಿಸಿದೆ. ಆದರೆ ಪಿ.ಟಿ.ಸಿ.ಎಲ್. ಕಾಯ್ದೆಯಲ್ಲಿ ಗುತ್ತಿಗೆಯೂ ಅಡಮಾನವೂ ಪರಭಾರೆಯೇ ಆದ್ದರಿಂದ ಎರಡು ವಾರದ ಶ್ರಮ ವ್ಯರ್ಥವಾಯಿತು.

ಈ ಕಾಯ್ದೆಯಡಿ ವಿಪರೀತ ವಿಳಂಬದ ಅರ್ಜಿಗಳನ್ನು ಪುರಸ್ಕರಿಸಲಾಗದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಹಳೆಯ ಮಂಜೂರಾತಿಗಳ ಭಯ ಮುಗಿಯಿತೆಂದು ಎಲ್ಲರೂ ನನ್ನ ಕ್ರಮವನ್ನು ಕೈಬಿಡಲು ಒತ್ತಾಯಿಸಿದರು. ನಾನು ಬಿಡಲಿಲ್ಲ. 2019ರ 50 ಮೆಗಾವ್ಯಾಟ್ ಯೋಜನೆಯೊಂದಕ್ಕೆ ಸುಮಾರು 150 ಕೋಟಿ ಸಾಲವಿತ್ತು; ಎಂಬತ್ತರಷ್ಟು ಸರ್ವೆ ನಂಬರುಗಳಲ್ಲಿ ಅನುಮಾನದ ಹನ್ನೊಂದನ್ನು ಹೊರಗಿಡಿಸಿ, ಸೌರ ಪ್ಯಾನೆಲುಗಳ ವಿನ್ಯಾಸವನ್ನೇ ಬದಲಿಸಿದೆವು. ಇದಕ್ಕೆ ತಗಲಿದ ಏಳು ವಾರ ಹೆಚ್ಚಿನ ಸಮಯಕ್ಕಾಗಿ ಪ್ರವರ್ತಕರು ನನ್ನೊಡನೆ ಮಾತು ಬಿಟ್ಟಿದ್ದರು. ಅದೇ ಕಾಯ್ದೆಯ 2023ರ ತಿದ್ದುಪಡಿಯು ಅರ್ಜಿಗಿದ್ದ ಕಾಲಮಿತಿಯ ತಡೆಯನ್ನು ತೆಗೆದ ಬಳಿಕ, ಹೊರಗಿಟ್ಟ ಹನ್ನೊಂದರ ಪೈಕಿ ಮೂರರ ಮೇಲೆ ಅರ್ಜಿ ಬಿದ್ದಿದೆ. ನಾವು ಕೊಂಡವುಗಳಲ್ಲಿ ಒಂದರ ಮೇಲೂ ಇಲ್ಲ. ಅದೇ ಬ್ಯಾಂಕು ಈಗ ಸಾಲದ ಷರತ್ತುಗಳನ್ನು ಬರೆಯುವ ಟರ್ಮ್ ಶೀಟಿನಲ್ಲಿ ಮಂಜೂರಾತಿ ಕಡತವನ್ನೇ ಮೊದಲ ಪೂರ್ವ ಷರತ್ತಾಗಿ ಬರೆಯುತ್ತಿದೆ.