ಮೆಣಸಿನ ಸಸಿಯ ಕುಡಿ ಮುರುಟಿದರೆ ಮೊದಲು ಎಲೆ ಮಗುಚಿ ನೋಡಿ

ಕಿಟಕಿ ಬಳಿಯ ಕುಂಡದಲ್ಲಿ ಚೆನ್ನಾಗಿಯೇ ಬರುತ್ತಿದ್ದ ಮೆಣಸಿನಕಾಯಿ ಸಸಿ ಆರೆಂಟು ಎಲೆ ಬಿಟ್ಟ ಮೇಲೆ ಕುಡಿ ಮುರುಟಿಕೊಂಡರೆ ಎಲ್ಲರೂ ಹೇಳುವುದು ಮುಟುರು ರೋಗ ಅಂತಲೇ. ಆ ಒಂದು ಹೆಸರಿನಡಿ ಥ್ರಿಪ್ಸ್ ಎಂಬ ರಸ ಹೀರುವ ಹುಳು ಇದೆ, ಮೈಟ್ ನುಸಿ ಇದೆ, ಬಿಳಿನೊಣ ತರುವ ವೈರಸ್ಸೂ ಇದೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಥ್ರಿಪ್ಸ್‌ಗೆಂದು ಹೊಡೆಯುವ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದಿಂದ ಮೈಟ್ ಸಾಯುವುದಿಲ್ಲ. ಮೈಟನ್ನು ತಿನ್ನುವ ಜೀವಿಗಳು ಸತ್ತರೆ ಅದರ ಕಾಟ ಹೆಚ್ಚುವುದೂ ಉಂಟು. ಹಾಗಾಗಿ ಸ್ಪ್ರೇ ಬಾಟಲಿ ಆಚೆಗಿಟ್ಟು, 10 ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ತೆಗೆದುಕೊಳ್ಳಿ. 20 ಪಟ್ಟಿನದ್ದಾದರೆ ಇನ್ನೂ ಒಳ್ಳೆಯದು.

ಮೊದಲು ಅಂಚು ಯಾವ ಕಡೆ ಮಡಚಿದೆ ನೋಡಿ. ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಅನುಮಾನ ಥ್ರಿಪ್ಸ್ ಮೇಲೆ. ಕುಡಿಯ ಕೆಳಗೆ ಬಿಳಿ ಹಾಳೆ ಹಿಡಿದು ಬೆರಳಿನಿಂದ ನಾಲ್ಕು ಸಲ ತಟ್ಟಿ. ಸುಮಾರು 1 ಮಿ.ಮೀ. ಉದ್ದದ, ತೆಳ್ಳಗಿನ ಹಳದಿ ಅಥವಾ ಕಂದು ಹುಳುಗಳು ಹಾಳೆಯ ಮೇಲೆ ಓಡಾಡಿದರೆ ಅದೇ. ಅವು ಕೆರೆದು ರಸ ಹೀರಿದ ಜಾಗದಲ್ಲಿ ಎಲೆಯ ಅಡಿ ಬೆಳ್ಳಿ ಬಣ್ಣದ ಗೀರುಗಳು ಕಾಣುತ್ತವೆ.

ಅಂಚು ಕೆಳಕ್ಕೆ ಮಡಚಿ ಎಲೆ ಕವುಚಿದ ದೋಣಿಯಂತಾಗಿ, ತೊಟ್ಟು ಇಲಿಬಾಲದಂತೆ ಉದ್ದವಾಗಿದ್ದರೆ ಮೈಟ್. ಇದು 0.2 ಮಿ.ಮೀ. ಅಷ್ಟೇ, ಬರಿಗಣ್ಣಿಗೆ ಕಾಣದು, ಹಾಳೆಯ ಮೇಲೂ ಸಿಗದು. ಎಳೇ ಎಲೆಯ ಅಡಿಯಲ್ಲಿ ನಡುನರದ ಪಕ್ಕ ಭೂತಗನ್ನಡಿಯಿಂದ ಹುಡುಕಬೇಕು. ಥ್ರಿಪ್ಸ್ ಒಣ ಬಿಸಿಲಿನಲ್ಲಿ ಹೆಚ್ಚು, ಇದು ತೇವದ ಹವೆಯಲ್ಲಿ ಹೆಚ್ಚು.

ಎಲೆ ಮೇಲಕ್ಕೆ ಸುರುಳಿಯಾಗುವುದರ ಜೊತೆಗೆ ನರ ದಪ್ಪವಾಗಿ, ನರಗಳ ನಡುವೆ ಹಳದಿಯಾಗಿ, ಗೆಣ್ಣುಗಳು ಒತ್ತೊತ್ತಾಗಿ ಗಿಡ ಪೊದೆಯಂತೆ ಕುಳಿತುಬಿಟ್ಟರೆ ವೈರಸ್ಸು. ಗಿಡ ಅಲ್ಲಾಡಿಸಿದಾಗ ಬಿಳಿನೊಣ ಹಾರಿದರೆ ಅನುಮಾನ ಬಲವಾಗುತ್ತದೆ. ಇದಕ್ಕೆ ಮದ್ದಿಲ್ಲ. ಬೇಸರವಾದರೂ ಆ ಸಸಿಯನ್ನು ಚೀಲದೊಳಗೆ ಮುಚ್ಚಿ ಕಿತ್ತು ಹಾಕಿ; ಇಟ್ಟುಕೊಂಡರೆ ಪಕ್ಕದ ಕುಂಡಗಳಿಗೂ ಹರಡುತ್ತದೆ.

ಹುಳುವೇ ಸಿಗದಿದ್ದರೆ ನೀರಿನ ಕಡೆ ನೋಡಿ. ಎಲೆಯಡಿ ರವೆಯಂಥ ಗುಳ್ಳೆಗಳನ್ನು ಮೊಟ್ಟೆ ಎಂದು ಮದ್ದು ಹೊಡೆಯುವವರು ಬಹಳ. ಉಗುರಿನಿಂದ ಕೆರೆದರೂ ಅವು ಉದುರದಿದ್ದರೆ ಬೇರು ಎಳೆದಷ್ಟು ನೀರನ್ನು ಎಲೆ ಹೊರಬಿಡಲಾಗದೆ ಉಬ್ಬಿದೆ ಎಂದರ್ಥ. ಗಾಳಿ ಆಡುವ ಕಡೆ ಇಡಿ, ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಹೊಸ ಎಲೆಯ ತುದಿ ಕೊಕ್ಕೆಯಂತೆ ಬಾಗಿದ್ದರೆ ಕ್ಯಾಲ್ಸಿಯಂ ಕುಡಿಗೆ ತಲುಪಿಲ್ಲದಿರಬಹುದು. ಮಣ್ಣಿನಲ್ಲಿ ಇದ್ದರೂ ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಅದು ಮೇಲೇರುವುದಿಲ್ಲ. ಇನ್ನು, ಕಾಂಡ ಕವಲೊಡೆದು ಕವಲಲ್ಲೊಂದು ಮೊಗ್ಗು ಬಂದರೆ ಅದು ಮೆಣಸಿನ ಗುಣವೇ, ಚಿಂತೆ ಬೇಡ.

ಥ್ರಿಪ್ಸ್‌ಗೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1 ಮಿ.ಲೀ. ದ್ರವ ಸೋಪು. ಸೋಪನ್ನು ಮೊದಲು ಎಣ್ಣೆಯಲ್ಲೇ ಕಲಸಿ, ಆಮೇಲೆ ನೀರು ಸೇರಿಸಿ. ಇಲ್ಲದಿದ್ದರೆ ಎಣ್ಣೆ ಬೇರೆಯಾಗಿ ತೇಲಿ, ಅದು ಬಿದ್ದ ಎಲೆಗಳು ಸುಡುತ್ತವೆ. ಸಂಜೆ ಹೊತ್ತು, ಎಲೆಯ ಅಡಿಗೆ, ವಾರಕ್ಕೊಮ್ಮೆಯಂತೆ ಮೂರು ಸಲ. ಜೊತೆಗೆ ನೀಲಿ ಅಂಟುಹಾಳೆ ತೂಗುಹಾಕಿ. ಮೈಟ್‌ಗೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 3 ಗ್ರಾಂ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆಯ ಹೊರಗೇ ಸಿಂಪಡಿಸಿ. ಬಿಸಿಲು 32 ಡಿಗ್ರಿ ದಾಟಿದ ದಿನ ಬೇಡ. ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗಿರದಿದ್ದರೂ ಬೇಡ. ಎರಡೂ ಸೇರಿದರೆ ಎಲೆ ಸುಟ್ಟುಹೋಗುತ್ತದೆ.

ಮುರುಟಿದ ಎಲೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಅದನ್ನೇ ನೋಡುತ್ತಾ ಮದ್ದು ಸಾಲದೆಂದು ಮೇಲಿಂದ ಮೇಲೆ ಹೊಡೆಯುವುದೇ ದೊಡ್ಡ ತಪ್ಪು. ಮೊದಲ ಸಿಂಪಡಣೆಯ ದಿನ ಕುಡಿಯ ಕೆಳಗೆ ಬಣ್ಣದ ದಾರವೊಂದನ್ನು ಸಡಿಲವಾಗಿ ಕಟ್ಟಿ. ಎರಡು ವಾರದ ಮೇಲೆ ದಾರದಿಂದ ಮೇಲಿನ ಎಲೆಗಳನ್ನು ಮಾತ್ರ ನೋಡಿ. ಅವು ಚಪ್ಪಟೆಯಾಗಿ ಬಿಚ್ಚಿಕೊಂಡಿದ್ದರೆ, ಸಿಂಪಡಣೆ ನಿಲ್ಲಿಸಿ.